ನಮ್ಮಲ್ಲೇ

ಆ ಕಂಪ್ಯೂಟರ್ ಪ್ರೋಗ್ರಾಮಿಗೆ ‘ಹಿತ್ತಾಳೆ ಕಿವಿ’ ಎಂದು ಹೆಸರಿಟ್ಟವರು ಮೇಷ್ಟ್ರು. ಲೆಕ್ಕ ಕಲಿಸುತ್ತ ಕಲಿಸುತ್ತಲೇ ಎರಡೂ ಕಿವಿ ಮಂದವಾದ ಮನುಷ್ಯ. “ಬೇರೆಯವರು ನಗೋ ಮುಂಚೆ ನಾನೇ ನಕ್ಕುಬಿಡ್ತೀನಿ” ಎನ್ನುತ್ತಿದ್ದರು. ಯಾವ ಕಂಪನಿಯ ಕಿವಿ ಮೆಷಿನ್ನೇ ಇರಲಿ, ಅದರ ಸದ್ದನ್ನು ಮನೆಯಲ್ಲೇ ಕೂತು ಹದ ಮಾಡಿಕೊಳ್ಳಲು ಬರುವ ಪ್ರೋಗ್ರಾಂ ಅದು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಇಷ್ಟು ಕಾಲ ಅದು ಮೇಷ್ಟ್ರ ಮನೆಯ ಹಳೇ ಕಂಪ್ಯೂಟರಿನಲ್ಲಿತ್ತು. ಈಗ ಆ ಕಂಪ್ಯೂಟರು ಮೇಷ್ಟ್ರಿಗಿಂತ ಜಾಸ್ತಿ ಕೆಮ್ಮುತ್ತಿತ್ತು. ಬೇರೆ ಮನೆ ಹುಡುಕಲೇಬೇಕಿತ್ತು.

ಮನೆ ಎರಡು ಸಿಕ್ಕಿದ್ದವು. ಒಂದು, ಇಂಥ ಪ್ರೋಗ್ರಾಮುಗಳಿಗೆ ಜಾಗ ಕೊಟ್ಟು ಯಜಮಾನಿಕೆಯನ್ನು ಅವನ್ನು ಬರೆದವರ ಕೈಯಲ್ಲೇ ಬಿಡುವ ಒಂದು ಟ್ರಸ್ಟು. ಇನ್ನೊಂದು, ಕಿವಿ ಮೆಷಿನ್ ಮಾಡುವ ಒಂದು ಕಂಪನಿ. ಅಲ್ಲಿ ಸೌಕರ್ಯ ಹೆಚ್ಚು. ಆದರೆ ಒಬ್ಬ ವ್ಯಾಪಾರಿಯ ಜಗಲಿಗೆ ಮಿಕ್ಕ ವ್ಯಾಪಾರಿಗಳು ಕಾಲಿಡುವುದಿಲ್ಲ. ತಮ್ಮ ಮೆಷಿನ್ನಿನ ಗುಟ್ಟನ್ನಂತೂ ತಂದಿಡುವುದೇ ಇಲ್ಲ.

ಎರಡನ್ನೂ ತೂಗಿ ನೋಡಿ ಹೇಳುವ ಕೆಲಸ ಚುಕ್ಕಿಗೆ ಬಿದ್ದಿತ್ತು. ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತ ಅವಳು, ದೊಡ್ಡವರೆಲ್ಲ ತಲೆ ಕೆರೆದುಕೊಂಡಿದ್ದ ಒಂದು ತಪ್ಪನ್ನು, ಒಂದು ಚುಕ್ಕಿ ಬಿಟ್ಟುಹೋಗಿದ್ದರಿಂದ ಆದದ್ದೆಂದು ಕಂಡುಹಿಡಿದಿದ್ದಳು. ಅಂದಿನಿಂದ ಅದೇ ಹೆಸರು. ಹಗಲು ಅವಳ ಕೆಲಸ ಅದೇ ಕಂಪನಿಯಲ್ಲಿ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು, ಆ ಕೆಲಸ ಕೊಡಿಸಿದ ಭಾವ ಮಧ್ಯಾಹ್ನ ಅವಳ ಮೇಜಿನ ಹತ್ತಿರ ಬಂದು ನಿಂತದ್ದು.

“ನೀನು ಸುಳ್ಳು ಹೇಳ್ಬೇಡಮ್ಮ. ನಮ್ಮಲ್ಲೇ ಇಡೋಣ ಅಂತ ಒಂದು ಮಾತು ಹೇಳು ಸಾಕು. ನಿನ್ನ ಮಾತಿಗೆ ಅಲ್ಲಿ ಬೆಲೆ ಇದೆ. ನಿನ್ನ ಕೆಲಸ ಖಾಯಂ ಮಾಡೋ ವಿಷಯ ಮೇಲಿನವರ ಹತ್ರ ನಾನೂ ಎತ್ತಬೇಕಲ್ವಾ?”

ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಭಾವನಿಗೆ ಅಷ್ಟು ಸಾಕಾಗಿತ್ತು.

ಅಂದು ಸಂಜೆ ಸಭೆ ಸೇರಿದ್ದು ಡಾಕ್ಟರಮ್ಮನ ಕಿವಿ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ. ಡಾಕ್ಟರಮ್ಮ, ಮೇಷ್ಟ್ರು, ರೇಡಿಯೋ ರಿಪೇರಿಯವ, ಚುಕ್ಕಿ, ಪ್ರೋಗ್ರಾಂ ಕಟ್ಟಿದವರು ಇಷ್ಟೇ ಜನ.

“ನೀನು ಹೇಳಮ್ಮ. ಎಲ್ಲಿ ಇಡೋಣ?” ಎಂದರು ಡಾಕ್ಟರಮ್ಮ.

ಕಂಪನಿಯ ಸೌಕರ್ಯಗಳನ್ನು ಒಂದೊಂದಾಗಿ ಹೇಳಬೇಕೆಂದು ಚುಕ್ಕಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಹೊರಗೆ ಬಂದದ್ದು ಭಾವ ಹೇಳಿಕೊಟ್ಟ ಮಾತು ಮಾತ್ರ.

“ನಮ್ಮಲ್ಲೇ ಇಡೋಣ.”

ಡಾಕ್ಟರಮ್ಮ ಮೇಜು ತಟ್ಟಿದರು. “ಇದು ಮಾತು! ನಮ್ಮದು ಅಂದ್ಮೇಲೆ ನಮ್ಮ ಕೈಯಲ್ಲೇ ಇರ್ಬೇಕು. ಹಾಗಾದ್ರೆ ಟ್ರಸ್ಟೇ ಸರಿ.”

“ಅವರ ಸಂಬಳ ತಿಂದ್ಕೊಂಡು ಹೀಗೆ ಹೇಳೋಕೆ ಎದೆ ಬೇಕು ಕಣ್ರಿ. ನಾನಾಗಿದ್ರೆ ಹೊಟ್ಟೆನೋವು ಅಂತ ಮನೇಲೇ ಉಳ್ಕೊಳ್ತಿದ್ದೆ” ಎಂದ ರಿಪೇರಿಯವ.

ಚುಕ್ಕಿಯ ಒಂದು ಮಾತು ಕೋಣೆಯನ್ನು ದಾಟುವಷ್ಟರಲ್ಲಿ ಅವಳಿಗಿಂತ ಒಳ್ಳೆಯದಾಗಿಬಿಟ್ಟಿತ್ತು. ಡಾಕ್ಟರಮ್ಮ ಪರ್ಸಿನಿಂದ ಬೆರಳುಗಾತ್ರದ ಕೀಲಿಯೊಂದನ್ನು ತೆಗೆದು ಅವಳ ಮುಂದಿಟ್ಟರು. ಕಂಪ್ಯೂಟರಿಗೆ ಚುಚ್ಚಿದರೆ ಪ್ರೋಗ್ರಾಮಿನ ಬಾಗಿಲು ತೆರೆಯುವ ಕೀಲಿ. “ಇದು ಇನ್ನು ನಿನ್ನ ಹತ್ರ ಇರಲಿ. ನಿನ್ನಷ್ಟು ನಂಬೋವಂಥ ಜನ ನಮಗೆ ಇನ್ಯಾರಿದ್ದಾರೆ?”

ಅವಳು ಕೀಲಿ ಮುಟ್ಟದೆ, ಟೀ ಕಪ್ಪುಗಳನ್ನು ಒಟ್ಟು ಮಾಡಿಕೊಂಡು ಒಳಗಿನ ಸಿಂಕಿನ ಕಡೆ ನಡೆದಳು. ಹಿಂದೆಯೇ ತಮ್ಮ ಕಪ್ಪು ಹಿಡಿದು ಮೇಷ್ಟ್ರು ಬಂದರು.

“ನೀನೇನಂದೆ ಅಂತ ನನಗೆ ಕೇಳಿಸ್ಲಿಲ್ಲ. ನಾನು ಕೈ ನೋಡ್ತೀನಿ” ಎಂದರು.

ಚುಕ್ಕಿಯೂ ತನ್ನ ಕೈ ನೋಡಿಕೊಂಡಳು. ‘ನಮ್ಮಲ್ಲೇ’ ಅನ್ನುವಾಗ ಅದು ಎದೆಯ ಮೇಲೆ ನೇತಾಡುತ್ತಿದ್ದ ಕಂಪನಿಯ ಗುರುತಿನ ಬಿಲ್ಲೆಯನ್ನು ಹಿಡಿದುಕೊಂಡಿತ್ತು. ಕಪ್ಪು ತೊಳೆಯುತ್ತಿರುವ ಈಗಲೂ ಆ ಬಿಲ್ಲೆ ಅಲ್ಲೇ ತೂಗುತ್ತಿತ್ತು, ತುದಿ ಒದ್ದೆಯಾಗಿ.

“ಹೋಗ್ಲಿ ಬಿಡು. ಕಿವುಡನ ಸಾಕ್ಷಿ ಯಾವ ಕೋರ್ಟಲ್ಲೂ ನಡೆಯಲ್ಲ. ಹೇಗೂ ಒಳ್ಳೇದೇ ಆಯ್ತಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಬಿಡುಗಡೆ ಮುಖಕ್ಕೆ ಬಿಸಿನೀರು ಎರಚಿದಂತಿತ್ತು. ಹೌದು, ಟ್ರಸ್ಟಿಗೇ ಹೋಯಿತು, ಯಾರಿಗೂ ನಷ್ಟವಿಲ್ಲ. ಆದರೆ ನಾಳೆ ಭಾವ ಇನ್ನೊಂದು ಮಾತು ಹೇಳಿಕೊಡುತ್ತಾನೆ. ಆಗ ಕೀಲಿಯೂ ತನ್ನ ಕೈಯಲ್ಲೇ ಇರುತ್ತದೆ.

ಒದ್ದೆ ಕೈಯಲ್ಲೇ ಕೋಣೆಗೆ ಬಂದು ನಿಂತಳು. ನೆಲ ನೋಡುತ್ತ ಹೇಳಿದಳು: “ನಾನು ‘ನಮ್ಮಲ್ಲೇ’ ಅಂದಿದ್ದು ಕಂಪನೀಲಿ ಅಂತ. ಭಾವ ಹೇಳಿ ಕಳ್ಸಿದ್ರು. ನೀವು ಬೇರೆ ಥರ ತಿಳ್ಕೊಂಡ್ರಿ. ನಾನು ಸುಮ್ಮನಿದ್ದೆ.”

ರಿಪೇರಿಯವ ಆಗಲೇ ಖಾಲಿಯಾಗಿದ್ದ ಬಿಸ್ಕತ್ತಿನ ತಟ್ಟೆಯನ್ನು ನೋಡತೊಡಗಿದ. ಅವಳ ಹಿಂದಿನಿಂದ ಬಂದು ಎದುರು ಕುಳಿತ ಮೇಷ್ಟ್ರು ಕಿವಿಗೆ ಕೈ ಅಡ್ಡ ಹಿಡಿದರು.

“ಏನಂದೆ? ತಲೆ ಎತ್ತಿ ಹೇಳಮ್ಮ. ನನಗೆ ತುಟಿ ಕಾಣ್ಬೇಕು.”

ಗೊತ್ತಿದ್ದೂ ಅವಳೇ ಹೇಳಲೆಂದು ಕೇಳಿದರೋ, ನಿಜಕ್ಕೂ ಕೇಳಿಸಲಿಲ್ಲವೋ, ಅವಳಿಗೆ ತಿಳಿಯಲಿಲ್ಲ. ಬಗ್ಗಿದ ತಲೆಯನ್ನು ಎತ್ತುವುದು ಇಷ್ಟು ಭಾರದ ಕೆಲಸವೆಂದು ಅವಳು ಎಣಿಸಿರಲಿಲ್ಲ. ಎತ್ತಿದಳು. ಮೂವರ ಮುಖವೂ ಕಾಣುವ ಹಾಗೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ, ಮತ್ತೊಮ್ಮೆ ಅಷ್ಟನ್ನೂ ಹೇಳಿದಳು.

ಡಾಕ್ಟರಮ್ಮ ಮೇಜಿನ ಮೇಲಿದ್ದ ಕೀಲಿಯನ್ನು ಎತ್ತಿ ಪರ್ಸಿನೊಳಗೆ ಹಾಕಿಕೊಂಡರು. ಜಿಪ್ಪಿನ ಸದ್ದು ಮೇಷ್ಟ್ರೊಬ್ಬರನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು.

“ಕಪ್ಪು ಅರ್ಧ ತೊಳೆದು ಬಂದಿದ್ದೀಯ” ಎಂದರು ಡಾಕ್ಟರಮ್ಮ, ಅವಳ ಮುಖ ನೋಡದೆ. “ಮಿಕ್ಕಿದ್ದನ್ನೂ ತೊಳೆದಿಡು.”

ಚುಕ್ಕಿ ಸಿಂಕಿನ ಕಡೆ ತಿರುಗಿದಳು.