ಅವಳಿದ್ದ ಕಡೆ

ಎಷ್ಟು ಬಾಚಿದರೂ ಬೈತಲೆ ನೆಟ್ಟಗೆ ಕೂರುತ್ತಿರಲಿಲ್ಲ. ಜೀವಮಾನವೆಲ್ಲ ಕಂಡವರ ಕೂದಲು ಕತ್ತರಿಸಿದ ಕ್ಷೌರಿಕನಿಗೆ ಇಂದು ಪೆಟ್ಟಿಗೆಯಲ್ಲಿ ಮಲಗಿದ ಹೆಂಡತಿಯ ಕೂದಲೇ ಕೈಯ ಮಾತು ಕೇಳುತ್ತಿರಲಿಲ್ಲ. ಅದರಡಿಯಲ್ಲಿ ಕಿವಿಯಿಂದ ಕಿವಿಗೆ ಹೊಲಿಗೆ ಓಡಿತ್ತು.

“ಸಾಕು ಬಿಡಪ್ಪ, ಗಾಡಿ ಬಂದು ನಿಂತಿದೆ,” ಎಂದಳು ಮಗಳು.

“ಹೊಲಿಗೆ ಕಾಣುತ್ತೆ ಕಣೇ.”

“ಯಾರೂ ನೋಡಲ್ಲ.”

ಹೆಂಡತಿಯ ಪ್ರಯೋಗಾಲಯದ ಗೆಳತಿ, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. ಸತ್ತವರು ದಾನ ಕೊಟ್ಟ ಮಿದುಳನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡುತ್ತ, ಇಬ್ಬರೂ ಅಕ್ಕಪಕ್ಕ ಕೂತೇ ಕೂದಲು ನರೆಸಿಕೊಂಡವರು. ಯಾವ ಜೀವಕೋಶದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿತ್ತು, ಯಾವುದು ಸುಮ್ಮನಿತ್ತು ಎಂದು ನಕ್ಷೆ ಬರೆಯುವುದು ಅವರ ಕೆಲಸ. ನಿನ್ನೆ ಅದೇ ಮೇಜಿಗೆ ಹೆಂಡತಿಯ ಮಿದುಳು ಹೋಗಿತ್ತು. ಮರೆವಿನ ಕಾಯಿಲೆ ಶುರುವಾದಾಗಲೇ ಅವಳು ನಕ್ಕು ಹೇಳಿಟ್ಟಿದ್ದಳು: “ಅಷ್ಟು ಜನರದ್ದು ಕೊಯ್ದಿದೀನಿ, ನಂದೇನು ಮೇಲಾ?”

*

ಕೊನೆಯ ವರ್ಷ ಅವಳ ಪಾಲಿಗೆ ಅವನು ಯಾರೋ ಪರಿಚಯದವನು.

“ನಿಮ್ಮ ಮನೇಲಿ ಯಾರ್ಯಾರಿದಾರೆ?” ಎಂದು ಸಂಜೆ ಹೊತ್ತು ಕೇಳುತ್ತಿದ್ದಳು.

“ಹೆಂಡ್ತಿ ಇದಾಳೆ.”

“ಹುಷಾರಾಗಿದಾಳಾ?”

“ಇದಾಳೆ.”

“ಮತ್ತೆ ಇಲ್ಲೇನ್ ಮಾಡ್ತಿದೀರಿ? ಪಾಪ, ಕಾಯ್ತಿರ್ತಾಳೆ. ಹೊರಡಿ.”

ಅವನು ಎದ್ದು ಬೀದಿಯ ತುದಿಯವರೆಗೆ ಹೋಗಿ, ಎತ್ತ ಹೋಗಬೇಕೆಂದು ತೋಚದೆ ಹಿಂದಿರುಗುತ್ತಿದ್ದ. ಅವಳು ಬಾಗಿಲು ತೆರೆದು, ಹೊಸಬರಿಗೆ ಹೇಳುವಂತೆ “ಬನ್ನಿ, ಕೂತ್ಕೊಳ್ಳಿ” ಎನ್ನುತ್ತಿದ್ದಳು.

*

ಪೆಟ್ಟಿಗೆಯನ್ನು ಗಾಡಿಗೆ ಏರಿಸುವಾಗ ಅವನು ಗೆಳತಿಯ ಪಕ್ಕಕ್ಕೆ ಬಂದು ನಿಂತ.

“ನಿಮ್ಮ ನಕ್ಷೇಲಿ ನಾನು ಸಿಗ್ತೀನಾ?”

“ಅಂದ್ರೆ?”

“ಪೂರ್ತಿ ಮರೆತುಬಿಟ್ಟಿದ್ಲಾ, ಇಲ್ಲಾ ಒಳಗೆಲ್ಲೋ ನನ್ನನ್ನ ಇಟ್ಕೊಂಡಿದ್ಲಾ ಅಂತ.”

“ಅದು ಕಾಣಲ್ಲ ಭಾವ. ಯಾವ ಜೀನ್ ನಡೀತಿತ್ತು, ಯಾವುದು ನಿಂತಿತ್ತು, ಅಷ್ಟೇ.” ಅವಳು ದನಿ ತಗ್ಗಿಸಿದಳು. “ಇವತ್ತು ಬೆಳಿಗ್ಗೆ ಅವಳದ್ದನ್ನ ಎದುರಿಗಿಟ್ಕೊಂಡು ಕೂತಿದ್ದೆ. ಕೊಯ್ಯೋಕೆ ಕೈ ಬರ್ಲಿಲ್ಲ. ವಾಪಸ್ ಫ್ರೀಜರಲ್ಲಿಟ್ಟು ಬಂದೆ.”

“ಅಲ್ಲಿ ಅವಳೊಬ್ಳೇನಾ?”

ಗೆಳತಿ ಕೈಚೀಲದಿಂದ ಕಾರಿನ ಕೀಲಿ ತೆಗೆದಳು.

“ಅಪ್ಪಾ, ಬಾ,” ಎಂದು ಮಗಳು ಗಾಡಿಯೊಳಗಿನಿಂದ ಕರೆದಳು. “ಅಮ್ಮನ ಪಕ್ಕ ಕೂತ್ಕೋ.”

ಅವನು ತಲೆಯಾಡಿಸಿದ. ಗಾಡಿಯ ಕಡೆ ನಾಲ್ಕು ಹೆಜ್ಜೆ ಇಟ್ಟವನು ನಿಂತ. ಆಮೇಲೆ ಹಿಂದೆ ನಿಲ್ಲಿಸಿದ್ದ ಗೆಳತಿಯ ಕಾರಿನ ಬಾಗಿಲು ತೆಗೆದು, ಒಳಗೆ ಕೂತು, ಬೆಲ್ಟ್ ಬಿಗಿದುಕೊಂಡು, “ಲ್ಯಾಬಲ್ಲಿ ಕಾಯ್ತಿರ್ತಾಳೆ,” ಎಂದ.

ಮಗಳು ಇಳಿದು ಬಂದು ಕಾರಿನ ಗಾಜಿಗೆ ಅಂಗೈ ಒತ್ತಿ ಬಗ್ಗಿ ನೋಡಿದಳು. ಅವನು ನೇರ ಮುಂದಕ್ಕೆ ನೋಡುತ್ತಿದ್ದ. ಮುಂದಿನ ಗಾಡಿಯ ಇಂಜಿನ್ ಚಾಲೂ ಆಗಿತ್ತು. ಗೆಳತಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದಳು.