ದಾರಿ ಕತ್ತರಿಸಿದ ಗಂಟು

ಮತ್ತೊಮ್ಮೆ ಬಿಚ್ಚಿದರೂ ಕಂಪ್ಯೂಟರಿನ ಜಿಪ್ ಗಂಟಿನೊಳಗಿಂದ ಹೊರಬಿದ್ದದ್ದು ಅದೇ ಒಂದು ಫೈಲು. ಹೆಸರು ‘ಓದು’. ಹುಡುಗಿ ಅದನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ಬಿಚ್ಚಿದಳು. ಮತ್ತೆ ‘ಓದು’, ಒಂದೇ ಒಂದು.

“ಸಿಕ್ತೇನಮ್ಮಾ?” ಮೇಜಿನಾಚೆ ಕುಳಿತಿದ್ದ ದರ್ಜಿ ಕೇಳಿದ. “ನಿಧಾನವಾಗಿ ಹುಡುಕು. ಇವಳ ಮಾತು ನಿಲ್ಲಿಸೋಕೆ ನನಗೆ ಒಂದು ಜನ್ಮ ಸಾಲಲಿಲ್ಲ. ಹುಡುಕೋಕೆ ನಿನಗೆ ಸ್ವಲ್ಪ ಹೊತ್ತಾದ್ರೂ ಬೇಡ್ವಾ?”

ಪಕ್ಕದಲ್ಲಿದ್ದ ಹೆಂಡತಿ ಅವನ ತೊಡೆಗೊಂದು ಏಟು ಕೊಟ್ಟಳು. ಆಕೆಯ ಕೊರಳಿಗೆ ಅವನೇ ಹೊಲಿದ ಹತ್ತಿಬಟ್ಟೆಯ ಪಟ್ಟಿ. ಅದರ ಹಿಂದೆ, ಧ್ವನಿಪೆಟ್ಟಿಗೆ ತೆಗೆದ ಜಾಗದಲ್ಲಿ, ಉಸಿರಾಡುವ ತೂತು.

ಅದು ಗಂಟಲಿನ ಆಸ್ಪತ್ರೆ. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಕೂರಿಸಿ ಒಂದು ಪುಟ ಓದಿಸಿ, ದನಿಯನ್ನು ತುಂಬಿಡುವುದು ಅಲ್ಲಿನ ಪದ್ಧತಿ. ಎಲ್ಲರಿಗೂ ಅದೇ ಪುಟ, ಹಾಗಾಗಿ ಎಲ್ಲರ ಫೈಲಿಗೂ ಅದೇ ಹೆಸರು. ಬೇರೆಬೇರೆಯಾಗಿದ್ದದ್ದು ಫೋಲ್ಡರು ಮಾತ್ರ, ಒಬ್ಬೊಬ್ಬರ ಹೆಸರಿಗೆ ಒಂದೊಂದು.

ಡೇಟಾಬೇಸ್ ನೋಡಿಕೊಳ್ಳುವ ಈ ಹುಡುಗಿಗೆ ನರ್ಸುಗಳು ಇಟ್ಟ ಹೆಸರು ಗಂಟುಕಳ್ಳಿ. ಡಿಸ್ಕು ತುಂಬಿದಾಗಲೆಲ್ಲ ಹಳೆಯದನ್ನು ಜಿಪ್ ಮಾಡಿ ಗಂಟು ಕಟ್ಟುವವಳು ಅವಳೇ. ಈ ಸಲ ಮೊದಲು ಕಟ್ಟಿ ತೋರಿಸಿದ ಗಂಟನ್ನು ಬಿಚ್ಚಿ ನೋಡಿ ದೊಡ್ಡ ಡಾಕ್ಟರು ಗೊಣಗಿದ್ದರು: “ಫೋಲ್ಡರೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಮ್ಮ!” ನಿಜವೇ. ಸರ್ವರಿನ ಬುಡದಿಂದ ಫೈಲಿನವರೆಗಿನ ಫೋಲ್ಡರುಗಳ ಇಡೀ ದಾರಿ ಜಿಪ್ಪಿನೊಳಗೆ ಬಂದು ಕೂತಿತ್ತು. ಅವಳು ಗಂಟು ಕಟ್ಟುವ ಸ್ಕ್ರಿಪ್ಟು ತೆಗೆದು, ದಾರಿಯನ್ನು ಗಂಟಿನೊಳಗೆ ಇಡು ಎಂಬ ಸೂಚನೆಯನ್ನು ಇಡಬೇಡ ಎಂದು ತಿರುಗಿಸಿದಳು. ದಾರಿಯ ಮೊದಲ ತುಂಡಷ್ಟೇ ಉದುರುತ್ತದೆ, ರೋಗಿಯ ಹೆಸರಿನ ಫೋಲ್ಡರು ಉಳಿಯುತ್ತದೆ ಎಂದುಕೊಂಡಿದ್ದಳು.

ಇಡೀ ದಾರಿಯೇ ಉದುರಿತು. ಒಬ್ಬರ ‘ಓದು’ ಒಳಗೆ ಬಂದು ಕೂರುವುದು, ಬೆನ್ನಿಗೇ ಅದೇ ಹೆಸರು ಹೊತ್ತು ಇನ್ನೊಬ್ಬರದು ಬಂದು ಅದನ್ನು ಎಬ್ಬಿಸಿ ತಾನು ಕೂರುವುದು. ಸ್ಕ್ರಿಪ್ಟು ಎಲ್ಲೂ ತಪ್ಪೆನ್ನಲಿಲ್ಲ. ಹಸಿರು ಅಕ್ಷರದಲ್ಲಿ ‘ಮುಗಿಯಿತು’ ಎಂದು ತೋರಿಸಿ, ಅವಳು ಹೇಳಿಕೊಟ್ಟಿದ್ದಂತೆಯೇ ಮೂಲವನ್ನು ಅಳಿಸಿ ಹಾಕಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಬ್ಯಾಕಪ್ಪಿನಲ್ಲಿ ಇದ್ದದ್ದೂ ಅದೇ ಗಂಟಿನ ನಕಲು.

“ಮೊಮ್ಮಗಳಿಗೆ,” ಎಂದಿತು ದರ್ಜಿಯ ಹೆಂಡತಿ ಕೊರಳಿಗೆ ಒತ್ತಿ ಹಿಡಿದ, ಮಾತಾಡಿಸುವ ಪುಟ್ಟ ಯಂತ್ರ. ಅದರ ದನಿಗೆ ಏರಿಳಿತವಿಲ್ಲ, ಹೆಣ್ಣು ಗಂಡೆಂಬುದಿಲ್ಲ.

“ಆಪರೇಷನ್ ಆದ್ಮೇಲೆ ಹುಟ್ಟಿದ ಮಗು,” ದರ್ಜಿ ಮುಂದುವರಿಸಿದ. “ಇವಳು ಬಾಯಿಬಿಟ್ರೆ ಕಿರುಚಿಕೊಂಡು ಓಡುತ್ತೆ. ಅಜ್ಜಿ ಗಂಟಲಲ್ಲಿ ದುಂಬಿ ಇದೆಯಂತೆ! ಒಂದ್ಸಲ ಕೇಳಿಸಿಬಿಟ್ರೆ ಸಾಕು, ನೋಡೇ, ನಿಮ್ಮಜ್ಜಿ ದನಿ ಹೀಗಿತ್ತು ಅಂತ. ಆಮೇಲಾದ್ರೂ ಹತ್ತಿರ ಬರಬಹುದು.”

ಹುಡುಗಿಯ ಕೈ ಕೀಲಿಮಣೆಯ ಮೇಲೆಯೇ ಇತ್ತು. ಇನ್ನೊಮ್ಮೆ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ.

“ಅಮ್ಮಾ, ಅದು ಇಲ್ಲ.”

“ಇಲ್ಲ ಅಂದ್ರೆ? ಇಲ್ಲೇ ಓದಿದ್ದಲ್ವೇನಮ್ಮ? ನಾನು ಬಾಗಿಲಾಚೆ ನಿಂತಿದ್ದೆ.”

“ಇತ್ತು ಅಂಕಲ್. ಹೋದ ವಾರದವರೆಗೂ ಇತ್ತು. ಎಲ್ಲರದನ್ನೂ ಒಂದೇ ಗಂಟಿಗೆ ಹಾಕುವಾಗ ಹೆಸರಿನ ಫೋಲ್ಡರುಗಳನ್ನು ನಾನೇ ಕಿತ್ತುಬಿಟ್ಟೆ. ಒಂದರ ಮೇಲೊಂದು ಬಿದ್ದು ಎಲ್ಲ ಅಳಿಸಿಹೋಯ್ತು. ತಪ್ಪು ನನ್ನದೇ.”

ದರ್ಜಿ ಪರದೆಯತ್ತ ಬಾಗಿದ. “ಮತ್ತೆ ಅಲ್ಲಿ ಒಂದು ಕಾಣ್ತಿದೆಯಲ್ಲ?”

“ಕೊನೆಗೆ ಉಳಿದದ್ದು. ಯಾರದು ಅಂತ ಗೊತ್ತಿಲ್ಲ. ಯಾರೋ ಹೆಂಗಸು.”

“ಹಾಕು, ಕೇಳೋಣ.”

ಹಾಕಿದಳು. ಕೋಣೆಯೊಳಗೆ ಒಂದು ಹೆಣ್ಣುದನಿ, ತುಸು ಒಡೆದದ್ದು, ಬೆಚ್ಚಗಿನದು, ಆ ಪುಟ ಓದತೊಡಗಿತು. ಸೇತುವೆ, ಕೊಡೆ ಮರೆತ ಮುದುಕ, ಕೊಡೆ ಹಿಡಿದು ಹಿಂದೆ ಓಡಿದ ಹುಡುಗಿ. ದರ್ಜಿಯ ಹೆಂಡತಿಯ ತುಟಿಗಳೂ ಅದರ ಜೊತೆಗೇ ಅಲುಗಿದವು. ಪುಟ ಮುಗಿದ ಮೇಲೂ ದನಿ ನಿಲ್ಲಲಿಲ್ಲ. “ಮುಗೀತಾ? ಇನ್ನೂ ಓಡ್ತಿದೆಯಾ ಇದು? ಪುಟ್ಟಾ, ಸ್ವೆಟರ್ ಮೇಲಿನ ಕಪಾಟಲ್ಲಿದೆ ಕಣೋ. ಅಮ್ಮ ಕೂಗಲಿಲ್ಲ ಅಂತ ಹಾಕ್ಕೊಳ್ಳದೆ ಹೋಗಬೇಡ.” ಒಂದು ನಗು. ಆಮೇಲೆ ಏನೂ ಇಲ್ಲ.

ದರ್ಜಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. ಒರೆಸುತ್ತಲೇ ಇದ್ದ.

“ಇದನ್ನೇ ಕೊಡಮ್ಮ,” ಎಂದ ಕೊನೆಗೆ. “ಓದಿರೋದು ಅದೇ ಪುಟ ತಾನೇ? ಕೊನೆಯ ತುಂಡು ಕತ್ತರಿಸಿಬಿಡು. ಉಳಿದದ್ದು ಅಳತೆಗೆ ಸರಿಯಾಗಿ ಕೂರುತ್ತೆ. ಮಗುವಿಗೇನು ಗೊತ್ತಾಗುತ್ತೆ?” ಹೆಂಡತಿಯ ಕಡೆ ತಿರುಗಿದ. “ನಾನಂತೂ ಯಾರಿಗೂ ಬಾಯಿಬಿಡಲ್ಲ ಕಣೇ.”

ಹುಡುಗಿ ಡ್ರಾಯರಿನಿಂದ ಪೆನ್‌ಡ್ರೈವ್ ತೆಗೆದಳು. ಕೊಡುವುದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಏನನ್ನಾದರೂ ಕೊಡಬೇಕೆನಿಸಿತ್ತು, ಅಷ್ಟೆ. ಆ ಓದನ್ನು ಅದಕ್ಕೆ ತುಂಬಿ, ಮೇಜಿನ ಮೇಲೆ ದರ್ಜಿಯ ಹೆಂಡತಿಯ ಕಡೆಗೆ ಸರಿಸಿದಳು.

ಆಕೆ ಒಂದೇ ಬೆರಳಿನಿಂದ ಅದನ್ನು ವಾಪಸ್ಸು ತಳ್ಳಿದಳು. ಯಂತ್ರವನ್ನು ಕೊರಳಿಗೆ ಒತ್ತಿದಳು.

“ಆ ಪುಟ್ಟ ಬರ್ತಾನೆ, ಅವರಮ್ಮನ ದನಿ ಕೇಳ್ಕೊಂಡು. ನನಗೆ ಬೇಡ.”