ಅಕ್ಕ ಹಾಕಿದ್ದ ಬಟ್ಟೆ

ಅಕ್ಕ ತೀರಿಕೊಂಡ ಐದನೆಯ ದಿನ ಭಾವ ಫೋನ್ ಮಾಡಿ, "ವಾಷಿಂಗ್ ಮಷೀನ್ ನಿಂತೋಗಿದೆ, ಸ್ವಲ್ಪ ನೋಡ್ತೀಯಾ?" ಎಂದ. ಬೇರೆ ಮಾತಿಲ್ಲ. ತಂಗಿ ತನ್ನ ರಿಪೇರಿ ಅಂಗಡಿಯ ಬಾಗಿಲೆಳೆದು ಸಾಮಾನಿನ ಪೆಟ್ಟಿಗೆ ಹಿಡಿದು ಹೊರಟಳು. ಸುದ್ದಿ ಬಂದಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಕಲ್ಲೆದೆಯವಳು ಎಂದು ನೆಂಟರು ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು. ಇದ್ದರೂ ಇರಬಹುದು ಎಂದುಕೊಂಡಿದ್ದಳು.

ಬಚ್ಚಲಿನ ಮೂಲೆಯಲ್ಲಿ ಮಷೀನು. ಗಾಜಿನ ಬಾಗಿಲಿನ ಹಿಂದೆ ಬೂದು ನೀರು, ಅದರಲ್ಲಿ ಮುಳುಗಿದ ಬಟ್ಟೆ.

"ಅವತ್ತು ಬೆಳಿಗ್ಗೆ ಅವಳೇ ಹಾಕಿದ್ಲು," ಎಂದ ಭಾವ. "ಆಮೇಲೆ ಎದೆನೋವು ಅಂದ್ಲು. ಆಸ್ಪತ್ರೆಯಿಂದ ಬಂದು ನೋಡಿದ್ರೆ ಇದೂ ಹೀಗೆ."

ತಂಗಿ ಪ್ಲಗ್ ಕಿತ್ತಳು. ಕೆಳಗಿನ ಚಿಕ್ಕ ಮುಚ್ಚಳ ತಿರುಗಿಸಿ ನೀರನ್ನು ಬೋಗುಣಿಗೆ ಬಿಟ್ಟಳು. ಭಾವ ಒಂಬತ್ತು ಸಲ ಹೊತ್ತು ಚೆಲ್ಲಿದ. ಕೊನೆಗೆ, ನೀರು ಹೊರಹಾಕುವ ಪಂಪಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಸ್ಕ್ರೂ ಕೈಗೆ ಬಂತು. ಭಾವ ಮರಗೆಲಸದವನು.

"ಜೇಬು ನೋಡಿ ಹಾಕಿ ಅಂತ ಬಾಯ್ ಬಾಯ್ ಬಡ್ಕೋತಿದ್ಲು," ಎಂದ. ಅವನ ಮುಖದಲ್ಲೂ ಏನೂ ಇರಲಿಲ್ಲ.

"ಬಾಗಿಲು ಲಾಕ್ ಆಗಿದೆ, ಆದ್ರೆ ಬಿಡಿಸೋಕೆ ಒಳಗೊಂದು ದಾರ ಇದೆ ಭಾವ. ಎಳೆದ್ರೆ ಬಟ್ಟೆ ಈಗಲೇ ತೆಗೀಬಹುದು."

"ಬೇಡ. ಅವಳು ಶುರು ಮಾಡಿದ್ದು. ಒಗೆದು ಮುಗೀಲಿ."

ಅವಳು ಮಷೀನಿನ ನೆತ್ತಿ ಬಿಚ್ಚಿ ಬೋರ್ಡನ್ನು ಹೊರತೆಗೆದಳು. ಸುಟ್ಟ ಜಾಗ ಹುಡುಕಬೇಕಾಗಿಯೇ ಇರಲಿಲ್ಲ. ಪಂಪಿಗೆ ಕರೆಂಟು ಬಿಡುವ ಮೂರು ಕಾಲಿನ ಟ್ರಯಾಕ್ ಹೊಟ್ಟೆ ಒಡೆದುಕೊಂಡಿತ್ತು. ಸುತ್ತ ಮಸಿ, ಅದರ ಮೇಲಿನ ನಂಬರು ಮಂಗಮಾಯ. ಪಕ್ಕದಲ್ಲಿ, ನೀರು ಒಳಗೆ ಬಿಡುವ ಕಡೆಗೆ, ಅದರ ಜೋಡಿಯೊಂದು ಚೆನ್ನಾಗಿಯೇ ಕೂತಿತ್ತು. ಎರಡರ ತಾಮ್ರದ ಗೆರೆಗಳನ್ನೂ ಬೆರಳಲ್ಲಿ ಹಿಂಬಾಲಿಸಿ, ಒಂದೇ ಬಗೆಯೆಂದು ಖಾತ್ರಿಯಾದ ಮೇಲೆ ಭೂತಗನ್ನಡಿಯಲ್ಲಿ ಜೋಡಿಯ ನಂಬರು ಓದಿದಳು. ಪೆಟ್ಟಿಗೆಯಲ್ಲಿ ಅಂಥದ್ದೊಂದಿತ್ತು. ಸುಟ್ಟದ್ದನ್ನು ಬದಲಿಸಿದರೆ ಸಾಲದು, ಯಾಕೆ ಸುಟ್ಟಿತೆಂದೂ ತಿಳಿಯಬೇಕು ಎನ್ನುವುದು ಅವಳ ಕಸುಬಿನ ಪಾಠ. ಇಲ್ಲಿ ಅದು ಆಗಲೇ ತಿಳಿದಿತ್ತು, ಸ್ಕ್ರೂ ಪಂಪನ್ನು ತಡೆದು ಹಿಡಿದಿತ್ತು. ಆದರೂ ಮೀಟರ್ ಹಿಡಿದು ಪಂಪನ್ನು ಪರೀಕ್ಷಿಸಿದಳು. ಅದಕ್ಕೇನೂ ಆಗಿರಲಿಲ್ಲ.

ಹಳೆಯ ಬೆಸುಗೆ ಕರಗಿಸಿ ಹೀರಿ, ಮಸಿ ಕೆರೆದು, ಹೊಸದನ್ನು ಕೂರಿಸಿದಳು. ನಿನ್ನನ್ನ ಕಟ್ಕೊಳ್ಳೋನು ಕೈಯಲ್ಲಿ ಬೆಸುಗೆ ಕಡ್ಡಿ ಹಿಡ್ಕೊಂಡೇ ಹುಟ್ಟಿರಬೇಕು ಕಣೇ ಎಂದು ಅಕ್ಕ ಚುಡಾಯಿಸುತ್ತಿದ್ದಳು. ಆ ಮಾತು ನೆನಪಿಗೆ ಬಂತು. ನಗು ಬರಲಿಲ್ಲ. ಬೋರ್ಡನ್ನೂ ಮುಚ್ಚಳಗಳನ್ನೂ ಮತ್ತೆ ಕೂರಿಸಿದಳು.

ಪ್ಲಗ್ ಹಾಕಿದಾಗ ಮಷೀನು ನೀರು ತುಂಬಿಕೊಂಡು ತಿರುಗತೊಡಗಿತು. ಇಬ್ಬರೂ ಬಚ್ಚಲಿನ ಹೊಸ್ತಿಲಲ್ಲಿ ಕೂತು ನೋಡಿದರು. ಅಕ್ಕನ ಹೂವಿನ ಅಂಗಿ, ದಿಂಬಿನ ಚೀಲ, ಭಾವನ ಪ್ಯಾಂಟು, ಮತ್ತೆ ಹೂವಿನ ಅಂಗಿ. ಹೊತ್ತಾದ ಮೇಲೆ ಪಂಪು ಗೊರಗುಟ್ಟಿತು, ನೀರು ಹೊರಹೋಯಿತು.

"ಆಯ್ತಾ?" ಎಂದ ಭಾವ.

"ಆಯ್ತು."

ಬಟ್ಟೆಗಳನ್ನು ಬಾಲ್ಕನಿಗೆ ಒಯ್ದರು. ಕ್ಲಿಪ್ಪುಗಳು ಎಲ್ಲಿರುತ್ತವೆಂದು ಭಾವನಿಗೆ ಗೊತ್ತಿರಲಿಲ್ಲ. ಕ್ಲಿಪ್ಪಿಲ್ಲದೆಯೇ ಹರವಿದರು. ಹೂವಿನ ಅಂಗಿಯನ್ನು ಕೈಗೆತ್ತಿಕೊಂಡ ಭಾವ ತೋಳು ಯಾವುದು, ಕತ್ತು ಯಾವುದು ಎಂದು ತಿಳಿಯದವನಂತೆ ನಿಂತ. ತಂಗಿ ಅದನ್ನು ತೆಗೆದುಕೊಂಡು ಕೊಡವಿ ತಂತಿಗೆ ಹಾಕಿದಳು.

"ಊಟ ಮಾಡಿದ್ಯಾ?" ಎಂದು ಅವನು ಕೇಳಿದ.

ಅವಳು ಯೋಚಿಸಿದಳು. "ಗೊತ್ತಿಲ್ಲ ಭಾವ," ಎಂದಳು.

ಅವನು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ.